ಫ್ರಿಜ್ ಮಲಗಿಸಿ ಸಾಗಿಸಿ ಅಂದಿದ್ದೆ, ಅದು ತಪ್ಪು

ಹಳೆ ಫ್ರಿಜ್ ಆನ್‌ಲೈನ್‌ನಲ್ಲಿ ಮಾರುವವರಿಗೆ ಅಂತ ನಾನೇ ಬರೆದ ಒಂದು ಮೆಸೇಜ್ ಈಗ ಎಲ್ಲೆಲ್ಲೋ ಓಡಾಡುತ್ತಿದೆ. "ಗಾಡಿಯಲ್ಲಿ ಅಡ್ಡ ಮಲಗಿಸಿ ಕಳಿಸಿ, ತಲುಪಿದ ತಕ್ಷಣ ಪ್ಲಗ್ ಹಾಕಿ ಓಡುತ್ತೆ ಅಂತ ತೋರಿಸಿ, ಆಮೇಲೆ ತಕರಾರು ಬರಲ್ಲ" ಅಂತ ಅದರಲ್ಲಿದೆ. ಎರಡೂ ಸರಿಯಲ್ಲ.

ಫ್ರಿಜ್ಜಿನ ಹಿಂದೆ ಕೆಳಗಡೆ ಕಪ್ಪು ಗಡಿಗೆಯ ಹಾಗೆ ಕಾಣುತ್ತಲ್ಲ, ಅದೇ ಕಂಪ್ರೆಸರ್. ಅದರ ತಳದಲ್ಲಿ ಎಣ್ಣೆ ಇರುತ್ತೆ. ಮಲಗಿಸಿದಾಗ ಆ ಎಣ್ಣೆ ಗ್ಯಾಸ್ ಹರಿಯುವ ಸಣ್ಣ ಕೊಳವೆಗಳಿಗೆ ನುಗ್ಗಬಹುದು, ಹಾಗೇ ಸ್ವಿಚ್ ಹಾಕಿದರೆ ಕೊಳವೆ ಕಟ್ಟಿಕೊಂಡು ತಂಪೇ ಆಗದಿರಬಹುದು, ಇಲ್ಲವೇ ಎಣ್ಣೆ ಸಾಲದೆ ಕಂಪ್ರೆಸರ್ರೇ ಕೆಡಬಹುದು. ಕೆಲವೊಮ್ಮೆ ಏನೂ ಆಗಲ್ಲ, ನಿಜ. ನಾನು ಮಾರಿದ ಫ್ರಿಜ್ಜಿಗೂ ಏನೂ ಆಗಲಿಲ್ಲ, ಅದನ್ನೇ ನಂಬಿ ಬರೆದುಬಿಟ್ಟೆ.

ಸಾಮಾನ್ಯವಾಗಿ ಫ್ರಿಜ್ ಜೊತೆ ಬರುವ ಕೈಪಿಡಿಯಲ್ಲೇ ನೆಟ್ಟಗೆ ನಿಲ್ಲಿಸಿ ಸಾಗಿಸಿ ಅಂತ ಇರುತ್ತೆ. ಬೇರೆ ದಾರಿಯೇ ಇಲ್ಲದೆ ಮಲಗಿಸಿದ್ದರೆ, ತಲುಪಿದ ಮೇಲೆ ನೆಟ್ಟಗೆ ನಿಲ್ಲಿಸಿ ಕಾಯಬೇಕು. ಎಷ್ಟು ಹೊತ್ತು ಅನ್ನೋದು ಮಾಡೆಲ್‌ಗೆ ತಕ್ಕ ಹಾಗೆ ಬದಲಾಗುತ್ತೆ, ಕೆಲವು ಗಂಟೆಯಿಂದ 24 ಗಂಟೆವರೆಗೂ ಹೇಳುತ್ತಾರೆ. ಕೈಪಿಡಿ ಕಳೆದುಹೋಗಿದ್ದರೆ 24 ಗಂಟೆ ಬಿಡಿ, ನಷ್ಟವೇನಿಲ್ಲ.

ಹಾಗಾದರೆ ಓಡುತ್ತೆ ಅಂತ ತೋರಿಸೋದು ಹೇಗೆ? ನಿಮ್ಮ ಮನೆಯಲ್ಲೇ, ಗಾಡಿಗೆ ಏರಿಸೋ ಮೊದಲೇ ತೋರಿಸಿ. ಫ್ರೀಜರ್‌ನಲ್ಲಿ ಗಟ್ಟಿಯಾದ ಐಸ್ ಟ್ರೇ ಕಂಡರೆ ಸಾಕು ಅಲ್ವಾ.

ಹಳೆ ಮೆಸೇಜ್ ದಯವಿಟ್ಟು ಮುಂದೆ ಕಳಿಸಬೇಡಿ. ಆಗಲೇ ಕಳಿಸಿದ್ದರೆ, ಅದೇ ಜಾಗಕ್ಕೆ ಇದನ್ನೂ ಹಾಕಿ.