ಸಾವ್ಕಾರನ ಪ್ಲೇನ್ ಓಡ್ಸೋದು ಕೀಳು ಕೆಲ್ಸ ಅಲ್ಲ ದೊಡ್ಡಪ್ಪ

ನಾನು ಅಮೆರಿಕದಲ್ಲಿ ಪೈಲಟ್. ಹೋದ್ಸಲ ಹಾಸನಕ್ಕೆ ಬಂದಾಗ ತಂಗಿ ಮನೆ ಗೃಹಪ್ರವೇಶದ ಊಟಕ್ಕೆ ಕೂತಿದ್ವಿ, ಪಕ್ಕದ ಎಲೇಲಿ ದೊಡ್ಡಪ್ಪ. ಪಾಯಸ ಬಡಿಸೋ ಹೊತ್ತಿಗೆ ಅಮ್ಮ ಖುಷೀಲಿ ಹೇಳ್ಬಿಟ್ರು, ಇವ್ನು ಈಗಿರೋ ಕಂಪ್ನಿ ಬಿಟ್ಟು ಯಾವ್ದೋ ಪ್ರೈವೇಟ್ ಜೆಟ್ ಕೆಲ್ಸಕ್ಕೆ ಹೋಗೋ ಯೋಚ್ನೇಲಿದಾನೆ ಅಂತ. ದೊಡ್ಡಪ್ಪ ಊಟ ಮಾಡ್ತಿದ್ದ ಕೈ ನಿಲ್ಸಿ, "ಅಲ್ಲ ಮಗ, ಅಷ್ಟ್ ದುಡ್ಡು ಸುರ್ದು ಕಲ್ತು ಈಗ ಯಾರೋ ಸಾವ್ಕಾರಂಗೆ ಡ್ರೈವರ್ ಆಗಕ್ ಹೋಯ್ತಿಯಾ? ಈಗಿರೋದು ಏರ್‌ಲೈನ್ಸು, ಅದ್ಕೊಂದು ಮರ್ಯಾದೆ ಐತೆ" ಅಂದ್ರು. ಪಂಕ್ತೀಲಿ ಕೂತೋರೆಲ್ಲ ಹೌದೌದು ಅಂದ್ರು. ದೊಡ್ಡಪ್ಪನ ಮಾತಿಗೆ ಎದುರಾಡಿ ನಂಗೆ ಅಭ್ಯಾಸ ಇಲ್ಲ, ಸುಮ್ನಿದ್ದೆ. ಆದ್ರೆ ಡಲ್ಲಾಸ್‌ಗೆ ವಾಪಸ್ ಬಂದ್ಮೇಲೂ ಆ ಮಾತು ಚುಚ್ತಾನೇ ಇದೆ, ಅದಕ್ಕೇ ಬರೀತಿದೀನಿ.

ಇಲ್ಲಿ ಪೈಲಟ್ ಅಂತ ಗೊತ್ತಾದ್ರೆ ಜನ ಮೊದ್ಲು ಕೇಳೋದು ತಿಂಗ್ಳಲ್ಲಿ ಎಷ್ಟು ರಾತ್ರಿ ಮನೇಲಿರ್ತೀಯ ಅಂತ. ಆಮೇಲೆ ಬೇಸ್, ಅಂದ್ರೆ ಡ್ಯೂಟಿ ಶುರುವಾಗೋ ಏರ್‌ಪೋರ್ಟ್ ಎಲ್ಲಿ, ಮನೆಗೆ ಹತ್ರಾನ ದೂರಾನ. ಪ್ಲೇನಿನ ಬಾಲದ ಮೇಲೆ ಯಾರ ಹೆಸ್ರಿದೆ ಅನ್ನೋದನ್ನ ಎಷ್ಟೋ ಜನ ಕೇಳೋದೂ ಇಲ್ಲ. ನಮ್ಮೂರಲ್ಲಿ ಬೋರ್ಡ್ ಯಾವ್ದು ಅನ್ನೋದೇ ಮೊದ್ಲು, ಅದೊಂದು ಗೊತ್ತಾದ್ರೆ ಮಿಕ್ಕಿದ್ದು ಯಾರಿಗೂ ಬೇಕಾಗಲ್ಲ, ಮಗ ನಿದ್ದೆ ಮಾಡ್ತಾನಾ, ಹೆಂಡ್ತಿ ಮಕ್ಕಳ ಮುಖ ನೋಡ್ತಾನಾ, ಅದೆಲ್ಲ ಲೆಕ್ಕಕ್ಕೇ ಇಲ್ಲ. ಸಂಬಂಧ ನೋಡೋವಾಗ ಹಿಂಗೇ, ಮೈಕ್ ಹಿಡ್ದು ಸನ್ಮಾನ ಮಾಡೋವಾಗ್ಲೂ ಹಿಂಗೇ.

ಆ ಬೋರ್ಡಿನ ಕಥೆನೂ ಹೇಳ್ಬೇಕು. ಅಮೆರಿಕದಲ್ಲಿ ರೀಜನಲ್ ಏರ್‌ಲೈನ್ ಅಂದ್ರೆ ಸ್ಕೈವೆಸ್ಟ್, ರಿಪಬ್ಲಿಕ್, ಎನ್ವಾಯ್, ಎಂಡೆವರ್ ಥರದ ಕಂಪ್ನಿಗಳು. ಸಣ್ಣ ಊರಿಂದ ಜನಾನ ಎತ್ಕೊಂಡು ಶಿಕಾಗೋ, ಡೆನ್ವರ್ ಅಂಥ ದೊಡ್ಡ ಏರ್‌ಪೋರ್ಟಿಗೆ ತಂದು ಬಿಡೋದು ಇವುಗಳ ಕೆಲ್ಸ. ಪ್ಲೇನಿಗೆ ಬಳ್ದಿರೋದು ಅಮೆರಿಕನ್, ಯುನೈಟೆಡ್, ಡೆಲ್ಟಾಗಳ ಬಣ್ಣ, ಒಳಗೆ ಕೂತು ಓಡ್ಸೋರು ಬೇರೆ ಕಂಪ್ನಿಯವ್ರು, ಸಂಬಳ ಬೇರೆ, ಸೀನಿಯಾರಿಟಿ ಲಿಸ್ಟೂ ಬೇರೆ. ದೊಡ್ಡ ಏರ್‌ಲೈನ್‌ಗಳ ಪೈಲಟ್ ಯೂನಿಯನ್ನು ತಮ್ಮ ಒಪ್ಪಂದದಲ್ಲಿ ಹಾಕ್ಸಿರೋ ಶರತ್ತಿಂದಾಗಿ ಈ ಪ್ಲೇನ್‌ಗಳಲ್ಲಿ 76 ಸೀಟಿಗಿಂತ ಜಾಸ್ತಿ ಇಡೋ ಹಂಗಿಲ್ಲ. ದೊಡ್ಡಪ್ಪ ವಾಟ್ಸಾಪ್ ಫೋಟೋದಲ್ಲಿ ತೋರ್ಸಿ ಹೆಮ್ಮೆ ಪಡೋ ಆ ಹೆಸ್ರು ನನ್ನ ಕಂಪ್ನೀದೇ ಅಲ್ಲ.

ಆ ಕಂಪ್ನೀಲಿ ನಾನೊಂದು ನಂಬರ್. ಬೇಜಾರಿಂದ ಹೇಳ್ತಿಲ್ಲ, ವ್ಯವಸ್ಥೆನೇ ಹಂಗೆ. ಸೇರಿದ ತಾರೀಖಿನ ಮೇಲೆ ಒಂದು ಸೀನಿಯಾರಿಟಿ ನಂಬರ್ ಸಿಗುತ್ತೆ, ಯಾವ ಬೇಸ್, ಯಾವ ರೂಟ್, ಯಾವ ದಿನ ರಜ, ಕ್ಯಾಪ್ಟನ್ ಆಗೋದು ಯಾವಾಗ, ಎಲ್ಲಾ ಆ ನಂಬರ್ ಹೇಳುತ್ತೆ. ನೀನು ಚೆನ್ನಾಗ್ ಹಾರಿಸ್ತೀಯಾ, ಮನೇಲಿ ಮಗು ಹುಷಾರಿಲ್ವಾ, ನಂಬರ್‌ಗೆ ಅದು ಬೇಕಾಗಿಲ್ಲ. ಹೊಸಬರು ರಿಸರ್ವ್ ಮೇಲೆ ಕೂರ್ಬೇಕು, ಫೋನ್ ಬಂದ ತಕ್ಷಣ ಹೊರಡ್ಬೇಕು. ಹೆಂಡ್ತಿ ಕೆಲ್ಸ ಡಲ್ಲಾಸಲ್ಲಿ, ನನ್ನ ಬೇಸ್ ಶಿಕಾಗೋದಲ್ಲಿ, ಹಂಗಾಗಿ ಕೆಲ್ಸಕ್ಕೆ ಹೋಗೋಕೇ ಇನ್ನೊಂದು ಪ್ಲೇನಿನ ಜಂಪ್‌ಸೀಟ್, ಅಂದ್ರೆ ಸಿಬ್ಬಂದಿಗೆ ಅಂತ ಇರೋ ಹೆಚ್ಚುವರಿ ಸೀಟು, ಹುಡುಕ್ಕೊಂಡು ಹೋಗ್ತೀನಿ, ಅದಕ್ಕೆ ಒಂದು ಪೈಸೆ ಸಂಬಳ ಇಲ್ಲ, ಅಲ್ಲಿ ಹೋಗಿ ನಾಲ್ಕೈದು ಪೈಲಟ್‌ಗಳು ಹಂಚ್ಕೊಂಡಿರೋ ಬಾಡಿಗೆ ರೂಮಲ್ಲಿ ಮಲಗ್ಬೇಕು. ಸಂಬಳದ ಮೀಟರ್ ಓಡೋದು ಹೆಚ್ಚಿನ ಕಡೆ ಬಾಗ್ಲು ಹಾಕಿ ಬ್ರೇಕ್ ಬಿಟ್ಮೇಲೆ, ಗೇಟಲ್ಲಿ ಮೂರು ಗಂಟೆ ಮಂಜು ಕಳಿಯೋಕೆ ಕಾದ್ರೆ ಆ ಮೂರು ಗಂಟೆ ಹೋಯ್ತು. ಇದಕ್ಕಿಂತ ನೋವಿನ ವಿಷ್ಯ ಇನ್ನೊಂದಿದೆ. ಕಂಪ್ನಿ ಮುಚ್ಚಿದ್ರೆ ನಂಬರೂ ಮುಚ್ಚುತ್ತೆ. 2020ರ ಏಪ್ರಿಲ್‌ನಲ್ಲಿ ಟ್ರಾನ್ಸ್ ಸ್ಟೇಟ್ಸ್, ಕಂಪಾಸ್ ಎರಡೂ ಒಂದೇ ವಾರದಲ್ಲಿ ನಿಂತೋದ್ವು. ಅಂಥ ಕಂಪ್ನೀಲಿ ಎಷ್ಟೇ ವರ್ಷದ ಕ್ಯಾಪ್ಟನ್ ಆಗಿದ್ರೂ ಬೇರೆ ಕಡೆ ಸೇರಿದ್ರೆ ಮತ್ತೆ ಲಿಸ್ಟಿನ ತಳದಿಂದ್ಲೇ ಶುರು.

ಈಗ ಕಾರ್ಪೊರೇಟ್ ಕಡೆ. ನನ್ ಜೊತೆ ಹಾರಿಸ್ತಿದ್ದ ಒಬ್ಬ ಹಿರಿಯ ಸ್ನೇಹಿತರು ಒಂದು ಕಂಪ್ನಿಯ ಜೆಟ್ಟಿಗೆ ಹೋದ್ರು. ಎರಡು ಪ್ಲೇನು, ಬೆರಳೆಣಿಕೆ ಪೈಲಟ್‌ಗಳು, ಹ್ಯಾಂಗರ್ ಅವ್ರ ಮನೆಯಿಂದ ಕಾರಲ್ಲಿ ಹೋಗೋ ದೂರ. ಗಂಟೆ ಲೆಕ್ಕ ಇಲ್ಲ, ತಿಂಗ್ಳ ಸಂಬಳ. ಅವ್ರ ತಂದೆಗೆ ಆಪರೇಷನ್ ಆದಾಗ ಬಾಸ್ ತಾನೇ ಫೋನ್ ಮಾಡಿ ಹೋಗ್ಬನ್ನಿ, ಟ್ರಿಪ್ ಆಮೇಲೆ ನೋಡೋಣ ಅಂದ್ರಂತೆ. ಹಾರಾಟದ ಕೆಲ್ಸನೂ ರುಚಿಯಾಗಿದೆ, ಇವತ್ತು ನ್ಯೂಯಾರ್ಕ್ ಪಕ್ಕದ ಟೀಟರ್‌ಬರೋ, ನಾಳೆ ಸುತ್ತ ಬೆಟ್ಟ ಇರೋ ಆಸ್ಪೆನ್, ನಾಡಿದ್ದು ಹೆಸ್ರೇ ಕೇಳಿರದ ಊರು. ಏರ್‌ಲೈನಲ್ಲಿ ಡಿಸ್ಪ್ಯಾಚರ್ ಅಂತ ಒಬ್ರು ನೆಲದ ಮೇಲೆ ಕೂತು ರೂಟು, ಇಂಧನ, ಹವಾಮಾನ ಎಲ್ಲಾ ಲೆಕ್ಕ ಹಾಕಿ ಕೊಡ್ತಾರೆ, ಅವ್ರೂ ಕ್ಯಾಪ್ಟನ್ನೂ ಇಬ್ರೂ ಜವಾಬ್ದಾರ್ರು. ಜೆಟ್ ಕೆಲ್ಸದಲ್ಲಿ ಅದನ್ನೆಲ್ಲ ಪೈಲಟ್‌ಗಳೇ ನೋಡ್ಕೋಬೇಕು, ಊಟ ತರ್ಸೋದು, ಬ್ಯಾಗ್ ತುಂಬೋದು, ಕಾಫಿ ರೆಡಿ ಮಾಡೋದೂ ಅವ್ರೇ. ದೊಡ್ಡಪ್ಪಂಗೆ ಹಿಡ್ಸದೇ ಇರೋದು ಇದೇ ಭಾಗ, ಬ್ಯಾಗ್ ಎತ್ತೋದು.

ದೊಡ್ಡಪ್ಪ, ನಿಮ್ಮನೇಲೇ ವರ್ಷಾನುಗಟ್ಟಲೆ ಜೀಪ್ ಓಡಿಸ್ತಿದ್ದೋರು ನೆನಪಿದಾರಲ್ಲ. ಜೋರು ಮಳೇಲಿ ಸಕಲೇಶಪುರ ದಾಟಿ ಶಿರಾಡಿ ಘಾಟ್ ಇಳಿಯೋವಾಗ ಅವ್ರು "ಗೌಡ್ರೆ, ಮಣ್ಣು ಕುಸಿತೈತೆ, ಇವತ್ತು ಬ್ಯಾಡ" ಅಂದ್ರೆ ನೀವು ಮಂಗ್ಳೂರ್ ಮದ್ವೆ ಬಿಟ್ಟು ವಾಪಸ್ ತಿರುಗಿದ್ದನ್ನ ನಾನು ಹಿಂದ್ಗಡೆ ಸೀಟಲ್ಲಿ ಕೂತು ನೋಡಿದೀನಿ. ಮನೆಯೋರ ಜೀವನೆಲ್ಲ ಅವ್ರ ಕೈಗೆ ಕೊಟ್ಟಿದ್ರಿ. ಆ ನಂಬಿಕೆ ಗಳಿಸಿದೋರ್ನ ಕೀಳಾಗಿ ಕಾಣೋದು ಯಾಕೆ, ಮತ್ತೆ ಅದೇ ಕೆಲ್ಸ ಆಕಾಶದಲ್ಲಿ ಮಾಡಿದ್ರೆ ಮರ್ಯಾದೆ ಕಮ್ಮಿ ಆಗೋದು ಹೆಂಗೆ? ಯಾವ ಲಿಸ್ಟಲ್ಲೂ ನಂಬರ್ ಆಗ್ದೆ, ಹೆಸ್ರು ಹಿಡ್ದು ಕರೆಯೋ ಒಬ್ಬ ಮನುಷ್ಯ ನನ್ನ ನಂಬ್ಕೊಂಡು ಹತ್ತೋದು ನಂಗೆ ದೊಡ್ಡ ವಿಷ್ಯ.

ಇನ್ನು ಬೋರ್ಡ್ ಶಾಶ್ವತ ಅನ್ನೋ ನಂಬಿಕೆ ಹಾಸನದೋರಿಗೆ ಹೆಂಗ್ ಉಳ್ಕೊಂಡಿದೆಯೋ ನಂಗೆ ಅರ್ಥ ಆಗಲ್ಲ. ನಮ್ಮ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 1997ರಲ್ಲಿ ಶುರು ಮಾಡಿದ್ದು ಹೆಲಿಕಾಪ್ಟರ್ ಚಾರ್ಟರ್, ಅಂದ್ರೆ ಕರೆದೋರ ಕೆಲ್ಸಕ್ಕೆ ಹೋಗೋ ಹಾರಾಟ. ಅಲ್ಲಿ ಕಾಲೂರಿದ ಮೇಲೇ 2003ರಲ್ಲಿ ಎಟಿಆರ್ ಅನ್ನೋ ಸಣ್ಣ ಪ್ಲೇನ್ ಇಟ್ಕೊಂಡು ಏರ್ ಡೆಕ್ಕನ್ ಮಾಡಿ ಹುಬ್ಬಳ್ಳಿಯಂಥ ಊರುಗಳಿಗೆ ಪ್ಲೇನ್ ತಂದಿದ್ದು. ಅವ್ರ ಬಗ್ಗೆ ಹೆಮ್ಮೆ ಪಡೋ ಬಾಯಲ್ಲೇ ಚಾರ್ಟರ್ ಕೀಳು ಅನ್ನೋದು ಸರಿಯಾ? ಆಮೇಲೆ ಡೆಕ್ಕನ್ನು ಕಿಂಗ್‌ಫಿಶರ್ ಒಳಗೆ ಸೇರ್ತು, ಕಿಂಗ್‌ಫಿಶರ್ 2012ರಲ್ಲಿ ನಿಂತೋಯ್ತು, ಜೆಟ್ ಏರ್‌ವೇಸ್ 2019ರಲ್ಲಿ, ಗೋ ಫಸ್ಟ್ 2023ರಲ್ಲಿ. ಎಷ್ಟು ಮನೆಗಳ ಇಎಂಐ ನಿಂತೋಯ್ತು ಅಂತ ಪೈಲಟ್ ಮನೆಯೋರಿಗೇ ಗೊತ್ತು. ಶಿವಮೊಗ್ಗಕ್ಕೆ 2023ರಲ್ಲಿ ಏರ್‌ಪೋರ್ಟ್ ಬಂತು, ನಮ್ಮ ಹಾಸನದ ಬೂವನಹಳ್ಳಿ ಏರ್‌ಪೋರ್ಟ್ ವಿಷ್ಯ ನಾನು ಚಿಕ್ಕೋನಿಂದ ಕೇಳ್ತಾನೇ ಇದೀನಿ. ಹಾಸನದ ಹುಡುಗ್ರು ಜಕ್ಕೂರು, ಮೈಸೂರಲ್ಲಿ ಟ್ರೈನಿಂಗ್ ತಗೊಂಡು ಮೆಸೇಜ್ ಮಾಡ್ತಾರೆ, ಅಣ್ಣ ಏರ್‌ಲೈನ್ಸ್ ಯಾವಾಗ ತಗೊಳುತ್ತೆ ಅನ್ನೋದೊಂದೇ ಪ್ರಶ್ನೆ, ಬೇರೆ ಥರದ ಹಾರಾಟ ಇದೆ ಅಂತ ಅವ್ರಿಗೆ ಯಾರೂ ಹೇಳೇ ಇಲ್ಲ.

ಇಷ್ಟು ಹೇಳಿದ್ಮೇಲೆ ಇನ್ನೊಂದು ಕಡೆದೂ ಹೇಳ್ದೇ ಇರೋಕಾಗಲ್ಲ. 2009ರ ಫೆಬ್ರವರೀಲಿ ಕೋಲ್ಗನ್ ಏರ್ 3407 ಅನ್ನೋ ರೀಜನಲ್ ಫ್ಲೈಟ್ ಬಫಲೋ ಹತ್ರ ಮನೆ ಮೇಲೆ ಬಿದ್ದು 50 ಜನ ಸತ್ರು. ಫಸ್ಟ್ ಆಫೀಸರ್, ಅಂದ್ರೆ ಕ್ಯಾಪ್ಟನ್ ಪಕ್ಕ ಕೂರೋ ಸಹ ಪೈಲಟ್, ಹಿಂದಿನ ರಾತ್ರಿಯೆಲ್ಲ ಸಿಯಾಟಲ್‌ನಿಂದ ಪ್ರಯಾಣ ಮಾಡ್ಕೊಂಡು ಡ್ಯೂಟಿಗೆ ಬಂದಿದ್ರು. ಸತ್ತೋರ ಮನೆಯೋರು ಬಿಡ್ದೆ ಹೋರಾಡಿದ್ರು, ಅದರಿಂದ ಏರ್‌ಲೈನ್ ಪೈಲಟ್ ಆಗೋಕೆ ಸಾಮಾನ್ಯವಾಗಿ 1500 ಗಂಟೆ ಹಾರಿರ್ಬೇಕು ಅನ್ನೋ ನಿಯಮ ಬಂತು, ಪಾರ್ಟ್ 117 ಅನ್ನೋ ವಿಶ್ರಾಂತಿ ಕಾನೂನೂ ಬಂತು. ಡ್ಯೂಟಿಗೆ ಮುಂಚೆ 10 ಗಂಟೆ ಬಿಡುವು, ಅದ್ರಲ್ಲಿ 8 ಗಂಟೆ ನಿದ್ದೆಗೆ, 28 ದಿನಕ್ಕೆ 100 ಗಂಟೆ, ವರ್ಷಕ್ಕೆ 1000 ಗಂಟೆಗಿಂತ ಜಾಸ್ತಿ ಹಾರೋ ಹಂಗಿಲ್ಲ. ಸುಸ್ತಾಗಿದೆ ಅಂತ ಫೋನ್ ಮಾಡಿದ್ರೆ ಮುಗೀತು, ಕಾನೂನು ನನ್ ಬೆನ್ನಿಗಿರುತ್ತೆ. ಕಂಪ್ನಿ ತನ್ನ ಪ್ಲೇನ್ ತನ್ನ ಕೆಲ್ಸಕ್ಕೆ ಓಡ್ಸೋವಾಗ ಅನ್ವಯಿಸೋ ಪಾರ್ಟ್ 91 ನಿಯಮದಲ್ಲಿ ಈ ಮಿತಿ ಯಾವ್ದೂ ಇಲ್ಲ. ಒಳ್ಳೆ ಕಂಪ್ನಿಗಳು ತಾವೇ ನಿಯಮ ಮಾಡ್ಕೊಂಡಿರ್ತವೆ, ಮಿಕ್ಕಿದ್ದು ಬಾಸ್ ಮನಸ್ಸು.

ಅದಕ್ಕಿಂತ ನನ್ನ ಕಾಡೋದು 2014ರ ಬೆಡ್‌ಫರ್ಡ್. ಮೇ 31ರ ರಾತ್ರಿ, ಮ್ಯಾಸಚೂಸೆಟ್ಸ್‌ನಲ್ಲಿ ಗಲ್ಫ್‌ಸ್ಟ್ರೀಮ್ ಜಿ-4 ಅನ್ನೋ ಒಂದು ಪ್ರೈವೇಟ್ ಜೆಟ್ ಮೇಲೇಳ್ಲೇ ಇಲ್ಲ, ರನ್‌ವೇ ಮುಗ್ದು ಹಳ್ಳಕ್ಕೆ ನುಗ್ಗಿ ಒಳಗಿದ್ದ 7 ಜನನೂ ಸತ್ರು. ನಿಂತಿರೋ ಪ್ಲೇನಿನ ರೆಕ್ಕೆ, ಬಾಲದ ಹಲಗೆಗಳು ಗಾಳಿಗೆ ಬಡೀದೇ ಇರ್ಲಿ ಅಂತ ಹಾಕೋ ಗಸ್ಟ್ ಲಾಕ್ ಬಿಚ್ಚಿರ್ಲಿಲ್ಲ. ಹೊರಡೋ ಮುಂಚೆ ಕಂಟ್ರೋಲ್‌ಗಳನ್ನ ಪೂರ್ತಿ ಅಲ್ಲಾಡ್ಸಿ ನೋಡಿದ್ರೆ ಗೊತ್ತಾಗ್ಬಿಡೋದು. ತನಿಖೆ ಮಾಡಿದೋರು ರೆಕಾರ್ಡರ್ ತೆಗೆದು ನೋಡಿದ್ರೆ ಹಿಂದಿನ 175 ಟೇಕಾಫ್‌ಗಳಲ್ಲಿ ನೂರಕ್ಕೆ 98 ಭಾಗ ಆ ಚೆಕ್ ಪೂರ್ತಿ ಮಾಡೇ ಇರ್ಲಿಲ್ಲ. ಇಬ್ರೂ ಅನುಭವಿಗಳು, ವರ್ಷಗಳಿಂದ ಜೊತೇಲೇ ಹಾರಿಸ್ತಿದ್ದೋರು. ರೀಜನಲ್‌ನಲ್ಲಿ ಪಕ್ಕದ ಸೀಟಲ್ಲಿ ಹೊಸ ಮುಖ ಬರ್ತಾನೇ ಇರುತ್ತೆ, ಹಂಗಾಗಿ ಚೆಕ್‌ಲಿಸ್ಟ್ ಬಿಟ್ಟು ಬೇರೆ ಮಾತೇ ಇಲ್ಲ, ಚೆಕ್ ಮಾಡೋಕೆ ಬರೋ ಕ್ಯಾಪ್ಟನ್‌ಗಳಿದಾರೆ, ಪ್ರತಿ ಹಾರಾಟದ ಡೇಟಾ ನೋಡೋರಿದಾರೆ. ನಾನು ಬೈದ ಆ ನಂಬರ್ ವ್ಯವಸ್ಥೆನೇ ಇದನ್ನೂ ಕೊಡುತ್ತೆ.

ಸಂಬಳದ ಮಾತೂ ಮೊದಲಿನ ಹಂಗಿಲ್ಲ. ಕೋಲ್ಗನ್ ಕಾಲದಲ್ಲಿ ರೀಜನಲ್ ಫಸ್ಟ್ ಆಫೀಸರ್‌ಗೆ ವರ್ಷಕ್ಕೆ 20 ಸಾವಿರ ಡಾಲರ್ ಆಸುಪಾಸು ಸಿಗ್ತಿತ್ತು, 2022ರಲ್ಲಿ ಪೈಲಟ್‌ಗಳು ಸಿಗ್ದೇ ಹೋದಾಗ ಎನ್ವಾಯ್, ಪೀಡ್‌ಮಾಂಟ್ ಬೋನಸ್ ಸೇರ್ಸಿ ಗಂಟೆಗೆ 90 ಡಾಲರ್‌ಗೆ ಏರಿಸಿದ್ವು. ಅಲ್ಲಿಂದ ದೊಡ್ಡ ಏರ್‌ಲೈನ್‌ಗೆ ಹೋದ್ರಂತೂ ಯಾವ ಜೆಟ್ ಓನರೂ ಸುಲಭಕ್ಕೆ ಸರಿಗಟ್ಟೋಕಾಗಲ್ಲ.

ಮತ್ತೆ ಹಬ್ಬ. ಕ್ರಿಸ್ಮಸ್ ವಾರದ ರಜ ನನ್ನ ನಂಬರ್‌ಗೆ ಸಿಗೋದೇ ಇಲ್ಲ, ಸೀನಿಯರ್‌ಗಳು ಗುಡಿಸ್ಕೊಂಡು ಹೋಗ್ತಾರೆ. ಆದ್ರೆ ದೀಪಾವಳಿ ವಾರಾನ ಯಾರೂ ಕೇಳಲ್ಲ. ಹಾಸನಾಂಬೆ ಬಾಗ್ಲು ತೆಗೆಯೋದೇ ವರ್ಷಕ್ಕೊಂದ್ಸಲ, ಆ ದಿನಗಳಿಗೆ ಬಿಡ್, ಅಂದ್ರೆ ರಜದ ಕೋರಿಕೆ, ಹಾಕಿದ್ರೆ ನನ್ನಂಥ ಜೂನಿಯರ್‌ಗೂ ಸಿಗುತ್ತೆ, ಒಬ್ಬನ ಅನುಮತಿನೂ ಕೇಳ್ಬೇಕಾಗಿಲ್ಲ, ಅಮ್ಮನ ಜೊತೆ ಸಾಲಲ್ಲಿ ನಿಂತು ದರ್ಶನ ಮಾಡಿ ಬಂದಿದೀನಿ. ಅಮ್ಮ ಇಲ್ಲಿಗೆ ಬಂದಾಗ ಈ ದೇಶದೊಳಗೆ ಓಡಾಡಿದ್ದೆಲ್ಲ ನನ್ನ ಪಾಸಲ್ಲೇ, ಸೀಟ್ ಖಾಲಿ ಇದ್ರೆ ಹತ್ತೋದು. ಜೆಟ್ ಕೆಲ್ಸಕ್ಕೆ ಹೋದ್ರೆ ಆ ಪಾಸ್ ಇರಲ್ಲ. ದೀಪಾವಳಿ ದಿನ ಬಾಸ್ ಹೊರಡ್ಬೇಕು ಅಂದ್ರೆ ಹೊರಡ್ಬೇಕು.

ಇಷ್ಟೆಲ್ಲ ತೂಗಿದ್ಮೇಲೂ ನನ್ ಮನ್ಸು ಜೆಟ್ ಕಡೆಗೇ ಇದೆ. ಮನೆ ಪಕ್ಕದ ಏರ್‌ಪೋರ್ಟಿಂದ ಹೊರಟು ಅಲ್ಲಿಗೇ ವಾಪಸ್ ಬರೋದು, ಮಗಳು ಕನ್ನಡ ಕಲಿ ಕ್ಲಾಸಿಗೆ ಹೋಗೋ ವಾರಗಳಲ್ಲಿ ಜಾಸ್ತಿ ನಾನೇ ಬಿಟ್ಟು ಬರೋದು, ಇದಕ್ಕೆ ಬೆಲೆ ಕಟ್ಟೋಕೆ ನಂಗೆ ಬರಲ್ಲ. ಏರ್‌ಲೈನಲ್ಲಿ 65ಕ್ಕೆ ಕಡ್ಡಾಯವಾಗಿ ಇಳೀಬೇಕು, ಕಂಪ್ನಿ ಜೆಟ್ಟಲ್ಲಿ ಆ ಗೆರೆನೂ ಇಲ್ಲ. ಮುಂದಿನ ತಿಂಗ್ಳು ಒಂದು ಕಂಪ್ನಿಯ ಇಂಟರ್ವ್ಯೂ ಇದೆ. ಸಂಬಳ ಕೇಳೋ ಮುಂಚೆ ಮೂರು ವಿಷ್ಯ ಕೇಳ್ಬೇಕು ಅಂತ ಬರ್ದಿಟ್ಟಿದೀನಿ, ಡ್ಯೂಟಿ ಗಂಟೆಯ ಮಿತಿ ನಿಮ್ಮ ಮ್ಯಾನ್ಯುಯಲ್‌ನಲ್ಲಿ ಬರವಣಿಗೇಲಿದೆಯಾ, ನಿಮ್ಮ ಪೈಲಟ್‌ಗಳ ಹಾರಾಟದ ಡೇಟಾನ ಹೊರಗಿನೋರು ಯಾರಾದ್ರೂ ನೋಡ್ತಾರಾ, ಕಳೆದ ಸಲ ಪೈಲಟ್ ಇವತ್ತು ಬೇಡ ಅಂದಾಗ ಬಾಸ್ ಏನ್ ಮಾಡಿದ್ರು. ಮೂರನೇದಕ್ಕೆ ಅವ್ರು ತಡವರಿಸಿದ್ರೆ ನಾನು ಶಿಕಾಗೋಗೆ ಜಂಪ್‌ಸೀಟಲ್ಲಿ ಹೋಗ್ತಾನೇ ಇರ್ತೀನಿ.