ಕೊಲಂಬಸ್ ಬಂದು ಮುಟ್ಟಿದ್ದು ಚೊಳಚಗುಡ್ಡಕ್ಕೆ

ಬನದ ಹುಣ್ಣಿಮೆಯ ತೇರು ಎಳೆದು ನಾಲ್ಕು ದಿನವಾಗಿತ್ತು. ಬಾದಾಮಿ ಹತ್ತಿರದ ಚೊಳಚಗುಡ್ಡದಲ್ಲಿ ನಡೆಯುವ ಬನಶಂಕರಿ ಜಾತ್ರೆಯಲ್ಲಿ ಮಿರ್ಚಿ ಅಂಗಡಿಯ ಬೆಂಚಿನ ಮೇಲೆ ಕೂತಿದ್ದೆ. ಬದಿಗೆ ನಮ್ಮ ಅಕ್ಕನ ಮಗ. ಬೆಂಗಳೂರಿನಲ್ಲಿ ಕಂಪ್ಯೂಟರ್ ನೌಕರಿ, ಕೈಯಲ್ಲಿ ಮೊಬೈಲು, ಮುಖದ ಮೇಲೆ ಹೊಲಕ್ಕೆ ಬರ ಬಿದ್ದವನ ಚಿಂತೆ.

“ಮಾಮಾ, ಅಮೆರಿಕಾದಾಗ ದೊಡ್ಡ ಜಗಳ ನಡದೈತಿ.”

ವೀಸಾದ್ದಿರಬೇಕು, ಇಲ್ಲ ಸುಂಕದ್ದಿರಬೇಕು ಅಂದುಕೊಂಡೆ. “ಯಾತರದ್ದಪಾ?”

“ಮತ್ಸ್ಯಕನ್ಯೆದ್ದು.”

ವಿಷಯ ಇಷ್ಟು. ಡಿಸ್ನಿ ಕಂಪನಿಯವರು 1989ರಲ್ಲಿ ಮತ್ಸ್ಯಕನ್ಯೆಯ ಕಾರ್ಟೂನ್ ಸಿನಿಮಾ ಮಾಡಿದರು. ಆ ಕಥೆಯ ಮೇಲೆ 2011ರಲ್ಲಿ ಕ್ಯಾಲಿಫೋರ್ನಿಯಾದ ತಮ್ಮ ಪಾರ್ಕಿನಲ್ಲಿ, ಮರುವರ್ಷ ಫ್ಲಾರಿಡಾದಲ್ಲಿ ಒಂದೊಂದು ರೈಡ್ ಹಾಕಿದರು. ಚಿಪ್ಪಿನ ಆಕಾರದ ಗಾಡಿಯಲ್ಲಿ ಕೂತರೆ ಸಾಕು, ಅದು ತಾನೇ ಮೆಲ್ಲಗೆ ಸಾಗುತ್ತದೆ, ದಾರಿಯುದ್ದಕ್ಕೂ ಗೊಂಬೆಗಳು ಹಾಡುತ್ತವೆ. 2023ರಲ್ಲಿ ಅದೇ ಕಥೆಯನ್ನು ನಟ ನಟಿಯರನ್ನು ಹಾಕಿ ಮತ್ತೆ ತೆಗೆದರು. ನಾಯಕಿಯ ಮುಖ ಬೇರೆ, ಮೈಬಣ್ಣ ಬೇರೆ. ಈಗ ರೈಡಿನೊಳಗಿನ ಗೊಂಬೆಯನ್ನೂ ಬದಲಿಸಬೇಕೋ ಬೇಡವೋ? ಬದಲಿಸಿದರೆ ನಮ್ಮ ಬಾಲ್ಯ ಹಾಳಾಯಿತು ಎಂದು ಒಂದು ಗುಂಪು. ಬದಲಿಸದಿದ್ದರೆ ನಮ್ಮ ಮಕ್ಕಳ ಬಾಲ್ಯ ಹಾಳಾಯಿತು ಎಂದು ಇನ್ನೊಂದು ಗುಂಪು. ನಿಜವಾಗಿ ಬಾಲ್ಯದಲ್ಲಿರುವವರು ಐಸ್‌ಕ್ರೀಮ್ ಪಾಳಿಯಲ್ಲಿ ನಿಂತಿದ್ದಾರೆ.

ಕೈಯಲ್ಲಿದ್ದ ಮಿರ್ಚಿ ಕೆಳಗಿಟ್ಟೆ. “ನಿಂದೇನು ಅಭಿಪ್ರಾಯ?”

“ಸಿನಿಮಾ ಬದಲಾದ್ರ ರೈಡೂ ಬದಲಾಗಬೇಕು ಮಾಮಾ. ವರ್ಷನ್ ಮ್ಯಾಚ್ ಆಗಬೇಕು. ಇಲ್ಲಾಂದ್ರ ಮಂದಿ ಕನ್‌ಫ್ಯೂಸ್ ಅಕ್ಕಾರ.”

ಮಂದಿಯನ್ನು ಕನ್‌ಫ್ಯೂಸ್ ಮಾಡಿದ್ದು ಯಾರು ಎಂದು ಅವನು ಹೇಳಲಿಲ್ಲ. ಇದೇ ಕಂಪನಿ 1967ರಲ್ಲಿ ಕಡಲ್ಗಳ್ಳರ ರೈಡ್ ತೆರೆದಾಗ ಅದಕ್ಕೆ ಸಿನಿಮಾ ಇರಲೇ ಇಲ್ಲ. ಜನ ದೋಣಿಯಲ್ಲಿ ಕೂತರು, ಕಳ್ಳರನ್ನು ಕಂಡರು, ನಕ್ಕರು, ಮನೆಗೆ ಹೋದರು. 2003ರಲ್ಲಿ ಆ ರೈಡಿನ ಮೇಲೇ ಸಿನಿಮಾ ಬಂತು. ಸಿನಿಮಾ ಚೆನ್ನಾಗಿ ಓಡಿತು. 2006ರಲ್ಲಿ ಸಿನಿಮಾದ ಜ್ಯಾಕ್ ಸ್ಪ್ಯಾರೋನ ಗೊಂಬೆ ಮಾಡಿಸಿ ತಂದು ರೈಡಿನೊಳಗೆ ನಿಲ್ಲಿಸಿದರು. ಮೊಮ್ಮಗ ಅಜ್ಜನನ್ನು ಹೋಲುವುದು ಲೋಕರೂಢಿ. ಇಲ್ಲಿ ಮೊಮ್ಮಗ ದಾಡಿ ಬಿಟ್ಟನೆಂದು ಅಜ್ಜನನ್ನು ಹಿಡಿದು ಕೂರಿಸಿ ದಾಡಿ ಅಂಟಿಸಿದರು.

ಹಾಗಂತ ಇದ್ದದ್ದು ಇದ್ದಂತೆಯೇ ಇರಬೇಕೆಂದು ಹಟ ಹಿಡಿಯುವವನು ನಾನಲ್ಲ. ಅದೇ ಕಡಲ್ಗಳ್ಳರ ರೈಡಿನಲ್ಲಿ ಹೆಂಗಸರನ್ನು ಹಗ್ಗದಿಂದ ಕಟ್ಟಿ ಹರಾಜು ಹಾಕುವ ದೃಶ್ಯವಿತ್ತು. ಅರ್ಧ ಶತಮಾನ ಜನ ಅದನ್ನು ತಮಾಷೆ ಎಂದೇ ನೋಡಿದರು. 2018ರಲ್ಲಿ ತೆಗೆದರು, ಹರಾಜಿಗೆ ನಿಂತಿದ್ದ ಕೆಂಪು ಕೂದಲಿನವಳನ್ನೇ ಕಳ್ಳರ ಪೈಕಿ ಒಬ್ಬಳನ್ನಾಗಿ ಮಾಡಿ ಕೈಗೆ ಬಂದೂಕು ಕೊಟ್ಟರು. ಒಳ್ಳೆಯ ಕೆಲಸ. ಅದಕ್ಕೆ ಯಾವ ರಿಮೇಕೂ ಬೇಕಾಗಲಿಲ್ಲ, ಸ್ವಲ್ಪ ನಾಚಿಕೆ ಸಾಕಾಯಿತು.

ನನಗೆ ಹೊಟ್ಟೆ ಉರಿಯುವುದು ಕಿಂಗ್ ಕಾಂಗ್ ವಿಷಯಕ್ಕೆ. ಹಾಲಿವುಡ್ಡಿನ ಯೂನಿವರ್ಸಲ್ ಸ್ಟುಡಿಯೋದಲ್ಲಿ 1986ರಿಂದ ಅವನೊಬ್ಬ ನಿಂತಿದ್ದ. ಸುಮಾರು ಮೂವತ್ತು ಅಡಿ ಎತ್ತರದ ಯಂತ್ರದ ಮಂಗ. ಜನ ಕೂತ ಗಾಡಿ ಹತ್ತಿರ ಬಂತೆಂದರೆ ಬಾಯಿ ತೆರೆದು ಉಸಿರು ಬಿಡುತ್ತಿದ್ದ. ಆ ಉಸಿರಿಗೆ ಬಾಳೆಹಣ್ಣಿನ ವಾಸನೆ! ಯಾರೋ ಒಬ್ಬ ಎಂಜಿನಿಯರು ಕೂತು ತಲೆ ಕೆಡಿಸಿಕೊಂಡಿದ್ದಾನೆ ನೋಡಿ: ಮಂಗ ಏನು ತಿಂದೀತು, ತಿಂದ ಮೇಲೆ ಅದರ ಬಾಯಿ ಏನು ನಾತ ಹೊಡೆದೀತು ಅಂತ. ಅಂಥ ಮನುಷ್ಯನ ಕಾಲಿಗೆ ಬೀಳಬೇಕು. 2008ರ ಬೆಂಕಿಯಲ್ಲಿ ಆ ಮಂಗ ಸುಟ್ಟುಹೋದ. 2010ರಲ್ಲಿ ಅವನ ಜಾಗಕ್ಕೆ 2005ರ ರಿಮೇಕ್ ಸಿನಿಮಾದ ಕಾಂಗನನ್ನು ತಂದರು. ಸುತ್ತ ಪರದೆ, ಕಣ್ಣಿಗೆ ತ್ರೀಡಿ ಕನ್ನಡಕ. ವರ್ಷನ್ ಮ್ಯಾಚ್ ಆಯಿತು, ಮಂಗನೇ ಇಲ್ಲ. ಮುಂದೆ 2017ರಲ್ಲಿ ಇನ್ನೊಂದು ಕಾಂಗ್ ಸಿನಿಮಾ ಬಂತು. ನಮ್ಮ ಅಳಿಯನ ಲೆಕ್ಕ ಹಿಡಿದರೆ ಪಾರ್ಕಿನವರು ಗುದ್ದಲಿ ಪಿಕಾಸಿ ಕೆಳಗಿಡುವ ಹಾಗೇ ಇಲ್ಲ.

“ಆತು ಬಿಡು. ನಿನ್ನ ಕಾಯ್ದೆ ನಮ್ಮ ಜಾತ್ರಿಗೂ ಹಚ್ಚೂಣು ಬಾ” ಎಂದು ಎದ್ದೆ.

ಎದುರಿಗೇ ಕೊಲಂಬಸ್. ಉಯ್ಯಾಲೆಯಂತೆ ತೂಗುವ ದೊಡ್ಡ ದೋಣಿ. ಜಾತ್ರೆ ಕಂಡವರಿಗೆ ಅದರ ಪರಿಚಯ ಬೇಕಿಲ್ಲ. ಇದರ ವರ್ಷನ್ ಯಾವುದು? ಕೊಲಂಬಸ್ ಅಮೆರಿಕ ಮುಟ್ಟಿ ಐನೂರು ವರ್ಷವಾಯಿತೆಂದು 1992ರಲ್ಲಿ, ಒಂದೇ ವರ್ಷದಲ್ಲಿ, ಅವನ ಮೇಲೆ ಎರಡು ದೊಡ್ಡ ಸಿನಿಮಾ ಬಂದವು. ದೋಣಿ ಬಾದಾಮಿ ಕಡೆ ಏರಿದಾಗ ಒಂದು ಸಿನಿಮಾದವನು, ಚೊಳಚಗುಡ್ಡದ ಕಡೆ ಏರಿದಾಗ ಇನ್ನೊಂದು ಸಿನಿಮಾದವನು ಎಂದು ರಾಜಿ ಪಂಚಾಯ್ತಿ ಮಾಡಬಹುದು. ಪಾಪ, ಭಾರತ ಹುಡುಕುತ್ತ 1492ರಲ್ಲಿ ಮನೆ ಬಿಟ್ಟವನು ಮತ್ತೆಲ್ಲೋ ಹೋಗಿ ಇಳಿದ. ಐನೂರು ಚಿಲ್ಲರೆ ವರ್ಷದ ಮೇಲೆ ಬಂದು ಮುಟ್ಟಿದ್ದು ಚೊಳಚಗುಡ್ಡಕ್ಕೆ. ದಣಿದು ಬಂದವನಿಗೆ ನೀರು ಬೆಲ್ಲ ಕೊಡುವುದು ಬಿಟ್ಟು ವರ್ಷನ್ ಕೇಳುವುದೇ?

ಅದರ ಆಚೆ ಟೊರಾ ಟೊರಾ ಗರಗರ ತಿರುಗುತ್ತಿತ್ತು. ಜಪಾನಿ ಮಾತಿನಲ್ಲಿ ಟೊರಾ ಎಂದರೆ ಹುಲಿ. ಇದೇ ಹೆಸರು ಹೊತ್ತು 1970ರಲ್ಲಿ ಒಂದು ಸಿನಿಮಾ ಬಂದಿತ್ತು, ಜಪಾನಿಗಳು ಪರ್ಲ್ ಹಾರ್ಬರಿಗೆ ಬಾಂಬು ಹಾಕಿದ ಕಥೆ. ಅದೇ ಬಾಂಬಿನ ಮೇಲೆ 2001ರಲ್ಲಿ ಮತ್ತೊಂದು ಬಂತು. ಅದರಲ್ಲಿ ಇಬ್ಬರು ಪೈಲಟ್‌ಗಳು, ಅವರಿಬ್ಬರ ನಡುವೆ ಒಬ್ಬ ನರ್ಸು. ಕಾಯ್ದೆಯ ಪ್ರಕಾರ ನಮ್ಮ ಟೊರಾ ಟೊರಾಕ್ಕೂ ಈಗ ನರ್ಸು ಬೇಕು. ಸ್ವಿಚ್ಚಿನ ಹತ್ತಿರ ಕೂತ ಹುಡುಗನಿಗೆ ಹೇಳಿದೆ. “ನರ್ಸ್ ಬ್ಯಾಡ್ರಿ ಕಾಕಾ. ಮುಂಜಾನಿಂದ ನಾಕು ಮಂದಿ ವಾಂತಿ ಮಾಡ್ಕೊಂಡಾರ. ಒಂದು ಬಕೀಟು ಕೊಡಸ್ರಿ, ಪುಣ್ಯಾ ಬರತೈತಿ” ಎಂದ.

ಮುಂದಿನ ಗುಡಾರದಿಂದ ಮೈಕು ಕೂಗುತ್ತಿತ್ತು. “ಬರ್ರಿ ಬರ್ರಿ! ತಲಿ ಹೆಣ್ಣಿಂದು, ಮೈ ಹಾವಿಂದು! ಮುನಿ ಶಾಪಕ್ಕ ಸಿಕ್ಕ ನಾಗಕನ್ಯಾ!” ನಾನು ಚಡ್ಡಿ ಹಾಕುವ ಕಾಲಕ್ಕೂ ಇದೇ ಕೂಗು, ಇದೇ ಮುನಿ, ಇದೇ ಶಾಪ. ಚೀಟಿ ತೆಗೆಸಿ ಒಳಗೆ ಹೋದೆವು. ಮೇಜಿನ ಮೇಲೆ ಹಸಿರು ಅರಿವೆಗೆ ಹತ್ತಿ ತುಂಬಿ ಮಾಡಿದ ಹಾವು ಸುರುಳಿ ಸುತ್ತಿ ಬಿದ್ದಿದೆ, ನಡುವೆ ಒಂದು ಹುಡುಗಿಯ ತಲೆ. ಕೊರಳ ಬಳಿ ಹೊಲಿಗೆ ಬಿಟ್ಟು ಹತ್ತಿ ಇಣುಕುತ್ತಿತ್ತು. ತುಟಿಯ ಅಂಚಿಗೆ ಚುರಮುರಿಯ ಒಂದು ಕಾಳು. ಇಳಕಲ್ ಸೀರೆಯ ಅಜ್ಜಿಯೊಬ್ಬಳು “ಊಟಾ ಮಾಡ್ದ್ಯಾ ಯವ್ವಾ?” ಎಂದು ಕೇಳಿದಳು. ಹಾವು “ಹೂನ್ರಿ ಅಮ್ಮಾ” ಎಂದಿತು.

ನಮ್ಮ ಅಳಿಯ ಸುಮ್ಮನಿದ್ದಾನೆಯೇ? “ಹ್ವಾದ ವರ್ಷದಾಕೀನ ಏನು ನೀನು?”

“ಇಲ್ರೀ ಅಣ್ಣಾರ. ಹ್ವಾದ ವರ್ಷ ನಮ್ಮಕ್ಕ ಇದ್ಳು. ಆಕೀದು ಲಗ್ನ ಆತು. ಹಾವು ಅದ ಐತ್ರಿ, ತಲಿ ಅಷ್ಟ ಬ್ಯಾರೆ.”

ನಾಯಕಿಯನ್ನೇ ಬದಲಿಸಿದ್ದರು! ಸಾವಿರಾರು ಜನ ನೋಡಿ ಹೋಗಿದ್ದಾರೆ, ಯಾರ ಬಾಲ್ಯಕ್ಕೂ ಧಕ್ಕೆ ಬಂದ ವರದಿಯಿಲ್ಲ. ಅಜ್ಜಿ ಮಾತ್ರ ಹೊರಗೆ ಬರುತ್ತ “ಅಕ್ಕನ ಗಂಡ ಚೊಲೊ ಅದಾನೋ ಇಲ್ಲೋ, ಕೇಳೂದ ಮರತೆ” ಎಂದು ಪೇಚಾಡಿಕೊಂಡಳು.

ಇನ್ನು ನಾಟಕ ಕಂಪನಿಗಳು. ಬನಶಂಕರಿ ಜಾತ್ರೆ ಎಂದರೆ ಅವೇ ಅಲ್ಲವೇ, ತೇರು ಮುಗಿದ ಮೇಲೂ ವಾರಗಟ್ಟಲೆ ಬೀಡುಬಿಟ್ಟು ರಾತ್ರಿ ಆಡುತ್ತಾರೆ. ಅವರದು ಅಮೆರಿಕಕ್ಕೆ ಪೂರಾ ಉಲ್ಟಾ ಪದ್ಧತಿ. ಅಲ್ಲಿ ಹೆಸರು ಹಳೆಯದು, ಉಳಿದದ್ದೆಲ್ಲ ಹೊಸದು. ಇಲ್ಲಿ ಹೆಸರು ಹೊಸದು, ಉಳಿದದ್ದೆಲ್ಲ ಹಳೆಯದು. ಹೋದ ಜಾತ್ರೆಯಲ್ಲಿ ಒಂದು ಹೆಸರಿನಿಂದ ನೋಡಿ ಅತ್ತ ನಾಟಕವನ್ನೇ ಈ ಜಾತ್ರೆಯಲ್ಲಿ ಇನ್ನೊಂದು ಹೆಸರಿನಿಂದ ನೋಡಿ ಮತ್ತೆ ಅಳುತ್ತೇವೆ. ಆದರೆ ಹಾಸ್ಯದವನು ರಂಗಕ್ಕೆ ಬಂದನೆಂದರೆ ಅವನ ಬಾಯಲ್ಲಿ ಅವತ್ತು ಮುಂಜಾನೆಯ ಸುದ್ದಿ. ಹೆಂಗಸರ ಫ್ರೀ ಬಸ್ಸು, ರೋಡಿನ ತಗ್ಗು, ಮುಂದಿನ ಸಾಲಿನಲ್ಲಿ ಕೂತ ಸಾಹೇಬರ ಬೊಕ್ಕತಲೆ, ಏನನ್ನೂ ಬಿಡುವುದಿಲ್ಲ. ಅಪ್‌ಡೇಟ್ ಎಂದರೆ ಅದು. ಖರ್ಚು ಇಲ್ಲ, ಪತ್ರಿಕಾಗೋಷ್ಠಿ ಇಲ್ಲ. ಅಂದಹಾಗೆ ನಮ್ಮ ಸಿನಿಮಾದವರು ರಿಮೇಕ್‌ಗೆ ಎದುರಾಗಿ ‘ಸ್ವಮೇಕ್’ ಎಂಬ ಪದ ಹುಟ್ಟಿಸಿದ್ದಾರಲ್ಲ, ಆ ಪದವೇ ಅರ್ಧ ರಿಮೇಕ್ ಎಂಬುದನ್ನು ಇಂಥ ಒಬ್ಬ ಹಾಸ್ಯದವನೇ ಹೇಳಬೇಕು.

“ಮಾಮಾ, ಜಾತ್ರಿ ಬ್ಯಾರೆ, ಥೀಮ್ ಪಾರ್ಕ್ ಬ್ಯಾರೆ. ಅದು ದೊಡ್ಡ ಲೆವೆಲ್ ಐತಿ.”

ದೊಡ್ಡ ಲೆವೆಲ್ ಬೇಕೆಂದರೆ ಬಾದಾಮಿಯಿಂದ ಸುಮಾರು 22 ಕಿಲೋಮೀಟರ್ ದೂರದಲ್ಲಿದೆ. ಕಂಚಿಯ ಪಲ್ಲವರು ಕೈಲಾಸನಾಥ ಗುಡಿ ಕಟ್ಟಿದರು. ನಮ್ಮ ಚಾಲುಕ್ಯರ ಎರಡನೆಯ ವಿಕ್ರಮಾದಿತ್ಯ ಕಂಚಿ ಗೆದ್ದ. ಆ ಗೆಲುವಿನ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಗುಡಿ ಕಟ್ಟಿಸಿದಳು, ಅದೇ ಇವತ್ತಿನ ವಿರೂಪಾಕ್ಷ. ಕಂಚಿಯ ಗುಡಿಯ ಛಾಯೆ ಅದರ ಮೇಲೆ ಎದ್ದು ಕಾಣುತ್ತದೆ. ಮುಂದೆ ರಾಷ್ಟ್ರಕೂಟರ ಕೃಷ್ಣನ ಕಾಲಕ್ಕೆ ಎಲ್ಲೋರಾದ ಕೈಲಾಸ ಬಂತು, ಅದರ ಮೇಲೆ ವಿರೂಪಾಕ್ಷದ ಛಾಯೆ. ರಿಮೇಕು, ರಿಮೇಕಿನ ರಿಮೇಕು. ಹಾಗಂತ ವಿರೂಪಾಕ್ಷ ಎದ್ದ ಮೇಲೆ ಕಂಚಿಗೆ ಆಳು ಕಳಿಸಿ “ವರ್ಷನ್ ಮ್ಯಾಚ್ ಆಗವಲ್ದು, ಹಳೇ ಗುಡಿ ಕೆತ್ತಿ ಸರಿ ಮಾಡ್ರಿ” ಎಂದು ಯಾರೂ ಹೇಳಲಿಲ್ಲ. ವಿಕ್ರಮಾದಿತ್ಯ ಗೆದ್ದ ಊರಿನ ಗುಡಿಯ ಸಂಪತ್ತನ್ನು ದೇವರಿಗೇ ಮರಳಿಸಿದ. ಆ ಸಂಗತಿಯನ್ನು ಅಲ್ಲಿಯೇ ಕನ್ನಡದಲ್ಲಿ ಕೆತ್ತಿಸಿದ, ಶಾಸನ ಇವತ್ತಿಗೂ ಇದೆ. ಶತ್ರುವಿನ ಒರಿಜಿನಲ್ಲಿಗೆ ಅವನು ಕೊಟ್ಟ ಮರ್ಯಾದೆಯನ್ನು ಈ ಪಾರ್ಕಿನವರು ತಮ್ಮದೇ ಒರಿಜಿನಲ್ಲಿಗೆ ಕೊಡಲಾರರು.

“ಆವಾಗ ಟಿಕೆಟ್ ಇರಲಿಲ್ಲ ಮಾಮಾ” ಎಂದ ಅಳಿಯ.

ಇಷ್ಟು ಹೊತ್ತಿನಲ್ಲಿ ಅವನ ಬಾಯಿಂದ ಬಂದ ಒಂದೇ ಒಂದು ಖರೇ ಮಾತು. ಸಿನಿಮಾ ಥಿಯೇಟರಿನಲ್ಲಿ ಎಷ್ಟು ವಾರ ಇದ್ದೀತು? ರೈಡ್ ಹತ್ತಿಪ್ಪತ್ತು ವರ್ಷ ನಿಲ್ಲುತ್ತದೆ. ಪೋಸ್ಟರು ಹಚ್ಚಿಸಿದರೆ ಗೋಡೆಯವನಿಗೆ ನಾವು ರೊಕ್ಕ ಕೊಡಬೇಕು. ಪೋಸ್ಟರಿನ ಒಳಗೇ ಜನರನ್ನು ಕೂರಿಸಿ ತಿರುಗಿಸಿದರೆ ಅವರೇ ನಮಗೆ ರೊಕ್ಕ ಕೊಡುತ್ತಾರೆ. ಗೊಂಬೆಯ ಮುಖಕ್ಕಾಗಿ ಜಗಳವಾಡುವ ಎರಡೂ ಗುಂಪಿನವರು ಚೀಟಿ ತೆಗೆಸುವುದು ಮಾತ್ರ ಒಂದೇ ಕಿಟಕಿಯಲ್ಲಿ.

ಕೊನೆಗೆ ದೊಡ್ಡ ತೊಟ್ಟಿಲ ಬುಡಕ್ಕೆ ಬಂದೆವು. ತೊಟ್ಟಿಲು ನಿಂತಿತ್ತು. ಒಬ್ಬ ಆಳು ಕಂಬಕ್ಕೆ ಜೋತುಬಿದ್ದು ಪಾನಾ ಹಾಕಿ ಬೋಲ್ಟು ಬಿಗಿಯುತ್ತಿದ್ದ. ಇನ್ನೊಬ್ಬ ಬೇರಿಂಗಿಗೆ ಗ್ರೀಸ್ ತುಂಬುತ್ತಿದ್ದ, ಮೊಣಕೈತನಕ ಕರ್ರಗೆ. ಅಳಿಯ ಅವರಿಬ್ಬರನ್ನು ನೋಡಲೇ ಇಲ್ಲ. ಸೀದಾ ಪೇಂಟರ್ ಹತ್ತಿರ ಹೋದ.

ಪೇಂಟರು ಬಕೆಟ್ ಬೋರಲು ಹಾಕಿಕೊಂಡು ಕೂತು ತಗಡಿನ ಮೇಲೆ ಒಬ್ಬ ಹೀರೋನ ಮುಖ ಬರೆಯುತ್ತಿದ್ದ. ತಗಡಿನ ಮೂಲೆಯಲ್ಲಿ ಬಣ್ಣ ಹೆಕ್ಕಳಿಕೆ ಎದ್ದಿತ್ತು. ಉಗುರಿನಿಂದ ಕೆದರಿ ತೋರಿಸಿದ. ನೀಲಿಯ ಕೆಳಗೆ ಹಳದಿ, ಹಳದಿಯ ಕೆಳಗೆ ಯಾರದೋ ಕಿವಿ, ಕಿವಿಯ ಕೆಳಗೆ ಇನ್ಯಾರದೋ ಮೀಸೆಯ ತುದಿ.

“ಇವನ ಕೆಳಗ ಒಬ್ಬ ಅದಾನ್ರಿ. ಅವನ ಕೆಳಗ ಇನ್ನೊಬ್ಬ. ಎಲ್ಲಾರೂ ಹೀರೋಗಳ. ಗಡ್ಡ ಬರದ್ರ ಈ ವರ್ಷದಾಂವ, ಗಡ್ಡ ಅಳಿಸಿದ್ರ ಹ್ವಾದ ವರ್ಷದಾಂವ. ಮೂಗು ನಾ ಮುಟ್ಟೂದಿಲ್ರಿ, ಮೂಗು ಎಲ್ಲಾರಿಗೂ ನಡೀತೈತಿ.”

ಅಳಿಯ ಮೊಬೈಲು ತೆಗೆದು ಫೋಟೋ ಹೊಡೆದ. ಹುಡುಕಿದ. ಮತ್ತೊಂದು ಕೋನದಿಂದ ಹೊಡೆದ. ಮೊಬೈಲಿಗೂ ಗುರುತು ಹತ್ತಲಿಲ್ಲ. ತಡೆಯಲಾರದೆ ಕೇಳಿಯೇಬಿಟ್ಟ.

“ಅಣ್ಣಾ, ಇಂವ ಹಳೇ ಸಿನಿಮಾದಾಂವೋ, ರಿಮೇಕಿನಾಂವೋ?”

ಪೇಂಟರು ಹಲ್ಲಿನಲ್ಲಿ ಕಚ್ಚಿದ್ದ ಕುಂಚ ತೆಗೆದ.

“ಯಾವ ಸಿನಿಮಾದಾಂವೂ ಅಲ್ರಿ. ತೊಟ್ಲದ ಸಾವ್ಕಾರ್ರ ಮಗ. ಈ ಸಲ ಪಂಚಾಯ್ತಿಗೆ ನಿಂದರಾಂವ ಅದಾನ.”