ಸಫಾರಿ ಮುಗಿಸಿ ಶಾಲೆಗೆ: ಗೇಟು ತೆರೆಯಬೇಕೆ, ಬೇಡವೆ?

ಉತ್ತರ ಟಾಂಜಾನಿಯಾದ ಅರುಶಾ, ಮೋಶಿ, ಕರಾಟು ಸುತ್ತಮುತ್ತ ದಾನಿಗಳ ಹಣದಲ್ಲಿ ನಡೆಯುವ ಮಕ್ಕಳ ಶಾಲೆಗಳು ಹಲವು. ಸೆರೆಂಗೆಟಿ, ಎನ್‌ಗೊರೊಂಗೊರೊ ನೋಡಿ ವಾಪಸಾಗುವವರು ದಾರಿಯಲ್ಲಿ ಒಂದು ಶಾಲೆಗೂ ಹೋಗಿ ಬರೋಣ ಎನ್ನುತ್ತಾರೆ. ಬೆಂಗಳೂರಿನಿಂದ ಸಫಾರಿಗೆ ಹೋಗುವ ನಮ್ಮವರೂ ಇದಕ್ಕೆ ಹೊರತಲ್ಲ. ಇಂಥ ಅತಿಥಿಗಳನ್ನು ಶಾಲೆ ಒಳಗೆ ಬಿಟ್ಟುಕೊಳ್ಳಬೇಕೆ?

ಪರ: ಬರಲಿ, ಶಾಲೆ ಹೇಳಿದ ಹೊತ್ತಿಗೆ ಬರಲಿ

ಸ್ವಾಹಿಲಿಯಲ್ಲೊಂದು ಗಾದೆಯಿದೆ: ‘ಮ್ಗೆನಿ ಎನ್‌ಜೋ, ಮ್ವೆನ್ಯೆಜಿ ಅಪೋನೆ’. ಅತಿಥಿಯೇ ಬಾ, ಮನೆಯವರ ಕಾಯಿಲೆ ವಾಸಿಯಾಗಲಿ ಅಂತ ಅರ್ಥ. ನೆಂಟರು ಬಂದ ದಿನ ಮನೆಯವರ ತಟ್ಟೆಗೂ ಒಳ್ಳೆ ಸಾರು ಬೀಳುತ್ತದೆ ಅನ್ನುವ ತುಂಟತನ ಅದರೊಳಗಿದೆ. ದತ್ತಿ ಶಾಲೆಯ ಪರಿಸ್ಥಿತಿ ಇದೇ. ಸರ್ಕಾರಿ ಶಾಲೆಗಳಲ್ಲಿ 2016ರಿಂದ ಶುಲ್ಕ ರದ್ದಾಗಿದೆ, ಖರ್ಚನ್ನು ಸರ್ಕಾರ ನೋಡಿಕೊಳ್ಳುತ್ತದೆ. ದತ್ತಿ ಶಾಲೆಯಲ್ಲಿ ಮೇಷ್ಟ್ರ ಸಂಬಳ, ಮೆಕ್ಕೆಜೋಳದ ಹಿಟ್ಟು, ಬಸ್ಸಿನ ಡೀಸೆಲ್ಲು ಎಲ್ಲಕ್ಕೂ ಎಲ್ಲೋ ದೂರದ ಊರಿನ ಪ್ರಾಯೋಜಕರೇ ದಿಕ್ಕು. ವರ್ಷಕ್ಕೊಂದು ಬಣ್ಣದ ವರದಿ ನೋಡಿಕೊಂಡು ಹತ್ತು ವರ್ಷ ದುಡ್ಡು ಕಳಿಸುವವರು ಕಡಿಮೆ. ಅಡುಗೆಮನೆಗೆ ಹೋಗಿ ಹೊಗೆ ಕುಡಿದು ಬಂದವರು ಕಳಿಸುತ್ತಾರೆ. ಅರುಶಾದ ಸೇಂಟ್ ಜೂಡ್ ಶಾಲೆ 2002ರಲ್ಲಿ ಬೆರಳೆಣಿಕೆಯ ಮಕ್ಕಳೊಂದಿಗೆ ಶುರುವಾಗಿ ಈಗ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಓದಿಸುತ್ತಿದೆ. ಅದು ಅತಿಥಿಗಳನ್ನು ಕರೆದು ತೋರಿಸುವ ಶಾಲೆ.

ತಕರಾರು ಹುಟ್ಟುವುದು ಭೇಟಿಯಿಂದಲ್ಲ, ಭೇಟಿಗೊಂದು ವ್ಯವಸ್ಥೆ ಇಲ್ಲದ್ದರಿಂದ. ಎರಡು ವಾರ ಮುಂಚೆ ಪತ್ರ ಬರಬೇಕು: ಎಷ್ಟು ಜನ, ಯಾವ ದೇಶದವರು, ಯಾವ ಸಫಾರಿ ಕಂಪನಿ. ಒಂದು ಉದ್ದನೆಯ ಲ್ಯಾಂಡ್ ಕ್ರೂಸರಿನಲ್ಲಿ ಆರೇಳು ಜನ ಕೂರುತ್ತಾರೆ. ಅಷ್ಟೇ ಒಂದು ತಂಡ, ಒಂದು ದಿನಕ್ಕೆ ಒಂದೇ ತಂಡ. ಗೇಟಿನಲ್ಲಿರುವ ಅಸ್ಕರಿಯ, ಅಂದರೆ ಕಾವಲುಗಾರನ ಕೈಯಲ್ಲಿ ಆ ದಿನದ ಪಟ್ಟಿ ಇರಬೇಕು. ಹೆಸರು ಪಾಸ್‌ಪೋರ್ಟಿಗೆ ತಾಳೆಯಾದರೆ ಒಳಗೆ, ಇಲ್ಲವಾದರೆ ನಮಸ್ಕಾರ. ನಂತರ ಕಚೇರಿ, ಅತಿಥಿ ಪುಸ್ತಕ, ಒಂದು ಪುಟದ ನಿಯಮಗಳಿಗೆ ಸಹಿ.

ಹೊತ್ತು ಹೇಳುವಾಗ ಎಚ್ಚರ. ಸ್ವಾಹಿಲಿ ಗಡಿಯಾರ ಬೆಳಗಿನ ಆರಕ್ಕೆ ಶುರುವಾಗುತ್ತದೆ. ‘ಸಾ ನ್ನೆ’ ಎಂದರೆ ನಾಲ್ಕನೆಯ ಗಂಟೆ, ನಮ್ಮ ಲೆಕ್ಕದ ಬೆಳಗಿನ ಹತ್ತು. ಚಾಲಕ ‘ಸಾ ನ್ನೆ’ ಎಂದು ಒಪ್ಪಿಕೊಂಡು, ನಡುವಿನವರು ಅದನ್ನು ನಾಲ್ಕು ಗಂಟೆ ಎಂದು ಅನುವಾದಿಸಿದರೆ ಕೆಲಸ ಕೆಟ್ಟಿತು. ಅತಿಥಿಗಳು ಬರುವಷ್ಟರಲ್ಲಿ ಮಕ್ಕಳು ಮನೆ ಸೇರಿರುತ್ತಾರೆ, ಅಡುಗೆಯವರು ಪಾತ್ರೆ ಬೋರಲು ಹಾಕಿರುತ್ತಾರೆ.

ನೋಡಲು ಏನಿದೆ? ಮಕ್ಕಳಿಗಿಂತ ಹೆಚ್ಚಾಗಿ ಶಾಲೆ ನಡೆಯುವ ಬಗೆ ಇದೆ. ಮೊದಲು ಅಡುಗೆಮನೆಗೆ ಕರೆದೊಯ್ಯಬೇಕು. ರಾತ್ರಿಯೇ ನೆನೆಹಾಕಿದ ಮೆಕ್ಕೆಜೋಳ, ಹುರುಳಿಕಾಯಿ ಬೀಜದ ‘ಮಕಾಂಡೆ’ ದೊಡ್ಡ ಸುಫುರಿಯಾ ಪಾತ್ರೆಯಲ್ಲಿ ಎರಡು ಮೂರು ಗಂಟೆ ಬೇಯುತ್ತದೆ. ಕರಾಟು ಇರುವುದೇ ಸುಮಾರು 1500 ಮೀಟರ್ ಎತ್ತರದಲ್ಲಿ, ಕಾಳು ಬೇಗ ಬೇಯುವುದೂ ಇಲ್ಲ. ಉಗಾಲಿ, ಅಂದರೆ ಮೆಕ್ಕೆಜೋಳದ ಮುದ್ದೆಯ ದಿನವಾದರೆ ತಲೆಗೆ 150 ಗ್ರಾಂ ಹಿಟ್ಟಿನ ಲೆಕ್ಕದಲ್ಲಿ 300 ಮಕ್ಕಳಿಗೆ 45 ಕಿಲೊ. ಅದನ್ನು ದೋಣಿಯ ಹುಟ್ಟಿನಂಥ ಮರದ ‘ಮ್ವಿಕೊ’ದಲ್ಲಿ ತಿರುವುವ ಹೆಂಗಸರ ತೋಳು ನೋಡಿದರೆ ನಮ್ಮ ಕಡೆ ಮುದ್ದೆ ತಿರುವಿದವರಿಗೆ ವಿವರಣೆಯೇ ಬೇಡ. ಆಮೇಲೆ ಮಳೆನೀರಿನ ಟ್ಯಾಂಕು, ಗ್ರಂಥಾಲಯ, ಸಮವಸ್ತ್ರ ಹೊಲಿಯುವ ಫುಂಡಿಯ, ಅಂದರೆ ಕಸುಬುದಾರನ ಕೋಣೆ. ತರಗತಿಯಲ್ಲಿ ಹಿಂದಿನ ಬೆಂಚಿನ ಮೇಲೆ ಹತ್ತು ನಿಮಿಷ, ಬಾಯಿ ಮುಚ್ಚಿಕೊಂಡು. ಶೌಚಾಲಯದ ಕಡೆ, ಹಾಸ್ಟೆಲ್ ಕಡೆ ಹೋಗುವಂತಿಲ್ಲ. ಶಿಕ್ಷಕರಿಲ್ಲದೆ ಮಗುವಿನ ಜೊತೆ ಒಂಟಿಯಾಗಿ ನಿಲ್ಲುವಂತಿಲ್ಲ.

ಒಂದು ಸಣ್ಣ ಪಾಠವನ್ನು ಗೇಟಿನಲ್ಲೇ ಕಲಿಸಿಬಿಡಬೇಕು. ಮಗು ಹಿರಿಯರನ್ನು ಕಂಡು ‘ಶಿಕಮೋ’ ಎನ್ನುತ್ತದೆ. ಅದಕ್ಕೆ ಉತ್ತರ ‘ಮರಹಬಾ’. ಮಸಾಯಿ ಬುಡಕಟ್ಟಿನ ಮಗುವಾದರೆ ತಲೆ ಬಾಗಿಸಿ ನಿಲ್ಲುತ್ತದೆ, ಹಿರಿಯರು ನೆತ್ತಿ ಮುಟ್ಟಬೇಕು. ಗೊತ್ತಿಲ್ಲದ ಅತಿಥಿ ಹಲ್ಲು ಕಿರಿದು ‘ಹಾಯ್’ ಅಂದರೆ ಮಗು ಬಗ್ಗಿಸಿದ ತಲೆ ಬಗ್ಗಿಸಿಕೊಂಡೇ ನಿಂತಿರುತ್ತದೆ.

ಉಡುಗೊರೆ ವಿಷಯದಲ್ಲೇ ಹೆಚ್ಚು ಎಡವಟ್ಟು. ಮಿಠಾಯಿ, ಪೆನ್ನು ನೇರವಾಗಿ ಹಂಚಿದರೆ ಸಿಕ್ಕವರಿಗೂ ಸಿಗದವರಿಗೂ ಜಗಳ. ಮರುದಿನದಿಂದ ರಸ್ತೆಯಲ್ಲಿ ಹೋಗುವ ಪ್ರತಿ ಗಾಡಿಯ ಹಿಂದೆ ‘ಮಿಸ್ಟರ್, ಪೆನ್’ ಎಂದು ಓಟ. ಫುಟ್‌ಬಾಲ್ ತರುವವರು ಪಂಪು ಮತ್ತು ಸೂಜಿ ತರುವುದಿಲ್ಲ. ಅಮೆರಿಕದಿಂದ 110 ವೋಲ್ಟಿನ ಯಂತ್ರ ಬಂದರೆ ಇಲ್ಲಿನ 230ಕ್ಕೆ ಸುಟ್ಟುಹೋಗುತ್ತದೆ. ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ತರುವುದಂತೂ ಬೇಡವೇ ಬೇಡ, 2019ರ ಜೂನ್ 1ರಿಂದ ಟಾಂಜಾನಿಯಾದಲ್ಲಿ ಅದಕ್ಕೆ ನಿಷೇಧವಿದೆ. ಶಾಲೆ ಒಂದು ಪಟ್ಟಿ ಕೊಡಲಿ: ಇಷ್ಟು ‘ದಫ್ತಾರಿ’ ನೋಟ್‌ಬುಕ್, ಇಷ್ಟು ಸೋಪು, ಇಷ್ಟು ಮೀಟರ್ ಬಟ್ಟೆ. ಅತಿಥಿಗಳು ಅದನ್ನು ಅರುಶಾ ಪೇಟೆಯಲ್ಲೇ ಕೊಂಡು ಕಚೇರಿಗೆ ಒಪ್ಪಿಸಿ ರಸೀದಿ ಪಡೆಯಲಿ. ಅಂಗಡಿಯವನಿಗೂ ವ್ಯಾಪಾರ.

ಇನ್ನೊಂದು ಲಾಭವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೊರಗಿನವರ ಕಾಲು ಬೀಳದ ಶಾಲೆಯಲ್ಲಿ ಲೆಕ್ಕ ಕೇಳುವವರು ಇರುವುದಿಲ್ಲ. ಟಾಂಜಾನಿಯಾದ ಶಾಲೆಗಳಲ್ಲಿ ಬೆತ್ತದ ಏಟು ಇನ್ನೂ ಕಾನೂನುಬದ್ಧ. ಫೋಟೊದಲ್ಲಿ ಕಂಡ ಗ್ರಂಥಾಲಯ ನಿಜವಾಗಿ ಇದೆಯೇ, ಬಾವಿಯಲ್ಲಿ ನೀರಿದೆಯೇ ಎಂದು ನೋಡಲು ಹಣ ಕೊಟ್ಟವರು ಬಂದೇ ತೀರಬೇಕು. ಭೇಟಿಯ ಶುಲ್ಕ ಎಷ್ಟೇ ಇರಲಿ, ಅದರಲ್ಲಿ ಊಟಕ್ಕೆಷ್ಟು, ದಾರಿ ತೋರಿಸಿದ ಊರ ಯುವಕನಿಗೆಷ್ಟು, ಗ್ರಾಮ ಸಮಿತಿಗೆಷ್ಟು ಎಂಬುದನ್ನು ಸ್ವಾಹಿಲಿಯಲ್ಲಿ ಬರೆದು ಕಚೇರಿ ಗೋಡೆಗೆ ಅಂಟಿಸಿದರೆ, ಅಪ್ಪ-ಅಮ್ಮಂದಿರೂ ಓದುತ್ತಾರೆ.

ವಿರೋಧ: ಆ ಪಟ್ಟಿ ಗೇಟಿನಲ್ಲೇ ಸೋಲುತ್ತದೆ

ಮೊದಲು ಗಡಿಯಾರವನ್ನೇ ನೋಡೋಣ. ಪ್ರಾಥಮಿಕ ಶಾಲೆಯ ಮೇಲಿನ ತರಗತಿಗಳಲ್ಲಿ ಒಂದು ಅವಧಿ 40 ನಿಮಿಷ. ಅತಿಥಿ ಬಂದರೆ ಹಾಡು, ಸ್ವಾಗತ, ನಂತರ ಮಕ್ಕಳನ್ನು ಮತ್ತೆ ಪುಸ್ತಕಕ್ಕೆ ಕೂರಿಸುವುದು ಸೇರಿ ಒಂದು ಗಂಟೆ ಹೋಗುತ್ತದೆ. ವಾರಕ್ಕೆ ಎರಡೇ ಭೇಟಿ ಅಂದುಕೊಳ್ಳಿ. ಹತ್ತು ವಾರಕ್ಕೆ ಇಪ್ಪತ್ತು ಗಂಟೆ, ಅಂದರೆ ಮೂವತ್ತು ಅವಧಿ. ವಾರಕ್ಕೆ ಆರು ಅವಧಿ ಗಣಿತವಿದ್ದರೆ ಐದು ವಾರದ ಗಣಿತ ಅಷ್ಟಕ್ಕೇ ಮುಗಿಯಿತು. ಯಾವ ಹತ್ತು ವಾರ? ಸಫಾರಿಯ ಜನ ತುಂಬಿ ಬರುವುದು ಜೂನ್‌ನಿಂದ ಅಕ್ಟೋಬರ್ ತನಕ. ಏಳನೇ ತರಗತಿಯ ರಾಷ್ಟ್ರೀಯ ಪರೀಕ್ಷೆ ಸೆಪ್ಟೆಂಬರಿನಲ್ಲಿ. ಪಾಠ ಬಿಗಿಯಾಗಬೇಕಾದ ತಿಂಗಳುಗಳಲ್ಲೇ ಅಂಗಳದಲ್ಲಿ ಡೋಲು.

ಹಾಗಾದರೆ ಬಿಡುವಿನ ಹೊತ್ತಿಗೆ ಬರಲಿ ಅನ್ನುತ್ತಾರೆ. ಹತ್ತು ಗಂಟೆಯ ಆ ಬಿಡುವು ‘ಉಜಿ’ ಕುಡಿಯುವ ಬಿಡುವು. ಎಷ್ಟೋ ಮಕ್ಕಳಿಗೆ ಆ ಗಂಜಿಯೇ ದಿನದ ಮೊದಲ ತುತ್ತು. ಕೈಯಲ್ಲಿ ಪ್ಲಾಸ್ಟಿಕ್ ಲೋಟ ಹಿಡಿದು ಸಾಲಾಗಿ ನಿಂತು ಸ್ವಾಗತ ಗೀತೆ ಹಾಡಿ ಮುಗಿಸುವಷ್ಟರಲ್ಲಿ ಗಂಜಿಯ ಮೇಲೆ ಕೆನೆ ಕಟ್ಟಿರುತ್ತದೆ, ಗಂಟೆ ಹೊಡೆದಿರುತ್ತದೆ.

ನಿಯಮದ ಪುಟ ಚೆನ್ನಾಗಿದೆ, ತಕರಾರಿಲ್ಲ. ಅದನ್ನು ಜಾರಿಗೆ ತರಬೇಕಾದವನು ಮಾತ್ರ ಗೇಟಿನ ಅಸ್ಕರಿ. ಪಟ್ಟಿಯಲ್ಲಿ ಹೆಸರಿಲ್ಲದ, ಕಳೆದ ವರ್ಷ ಬಸ್ಸು ಕೊಡಿಸಿದ ದಾನಿಯ ಗಾಡಿ ಹಾರ್ನ್ ಹೊಡೆದರೆ ಅವನು ಏನು ಮಾಡಿಯಾನು? ಮುಖ್ಯೋಪಾಧ್ಯಾಯರಿಗೇ ಬೇಡ ಎನ್ನುವ ಧೈರ್ಯವಿಲ್ಲ. ಫೋಟೊ ತೆಗೆಯಬೇಡಿ ಎಂದು ಸಹಿ ಹಾಕಿಸಿಕೊಂಡವರೇ ಮೊಬೈಲ್ ಮೇಲೆದ್ದಾಗ ಬೇರೆ ಕಡೆ ನೋಡುತ್ತಾರೆ. ಸಮವಸ್ತ್ರದ ಎದೆಯ ಮೇಲೆ ಶಾಲೆಯ ಹೆಸರು, ಚಿತ್ರದೊಳಗೆ ಜಾಗದ ಗುರುತು. ಮಗುವಿನ ಹೆಸರನ್ನು ಅತಿಥಿಯೇ ಪ್ರೀತಿಯಿಂದ ಕೆಳಗೆ ಬರೆದುಬಿಡುತ್ತಾರೆ. ಆ ಮಗುವನ್ನು ಯಾರು ಬೇಕಾದರೂ ಹುಡುಕಿಕೊಂಡು ಬರಬಹುದು. ಟಾಂಜಾನಿಯಾ 2022ರಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಗೆ ಕಾಯ್ದೆ ಮಾಡಿತು, ಸರಿ. ಆ ಚಿತ್ರ ಹಾಕಿದ ಖಾತೆ ಇರುವುದು ಇನ್ಯಾವುದೋ ಖಂಡದಲ್ಲಿ.

ಪೋಷಕರ ಒಪ್ಪಿಗೆ ಪತ್ರದ ಮಾತೂ ಹಾಗೆಯೇ. ಮಗಳ ಓದು, ಊಟ, ಬೂಟು ಎಲ್ಲ ಶಾಲೆಯ ಕೃಪೆಯಲ್ಲಿರುವಾಗ ಯಾವ ತಾಯಿ ಸಹಿ ಹಾಕುವುದಿಲ್ಲ? ಇದರ ಕೆಟ್ಟ ರೂಪ ಮನೆಭೇಟಿ. ಪ್ರಾಯೋಜಕರು ಮಗುವಿನ ಮನೆ ನೋಡಬೇಕೆನ್ನುತ್ತಾರೆ. ಏಳು ಜನ ಬೂಟುಗಾಲಿನಲ್ಲಿ ಒಂದು ಕೋಣೆಯ ಮನೆ ಹೊಕ್ಕು, ಮಂಚ ಎಷ್ಟು, ಪಾತ್ರೆ ಎಷ್ಟು ಎಂದು ಕಣ್ಣಲ್ಲೇ ಎಣಿಸುತ್ತಾರೆ. ಆ ತಾಯಿ ಪಕ್ಕದ ಮನೆಯಿಂದ ಕುರ್ಚಿ ಸಾಲ ತಂದು, ಇರುವ ದುಡ್ಡಿನಲ್ಲಿ ಸೋಡಾ ತರಿಸಿರುತ್ತಾಳೆ.

ಲೆಕ್ಕ ಕೇಳಲು ಅತಿಥಿ ಬೇಕಂತೆ. ಎರಡು ವಾರ ಮುಂಚೆ ಹೇಳಿ ಬರುವ ಅತಿಥಿ ಯಾವ ಬೆತ್ತವನ್ನು ಕಂಡಾನು? ಬೆತ್ತ ಬೀರುವಿನಲ್ಲಿರುತ್ತದೆ. ದುಡ್ಡಿನ ಸೆಳೆತ ಇನ್ನೊಂದು ಕಡೆಗೂ ಎಳೆಯುತ್ತದೆ: ಚೆನ್ನಾಗಿ ಕಾಣುವ ತರಗತಿಗೆ ದೇಣಿಗೆ ಹುಟ್ಟುವುದಿಲ್ಲ, ಆದ್ದರಿಂದ ಬಿರುಕು ಬಿಟ್ಟ ಗೋಡೆಯ ತರಗತಿ ಪ್ರತಿ ಭೇಟಿಯ ದಾರಿಯಲ್ಲೂ ಸಿಗುತ್ತದೆ, ದುರಸ್ತಿಯ ಸರದಿ ಅದಕ್ಕೆ ಬರುವುದೇ ಇಲ್ಲ. ಶೌಚಾಲಯ ನೋಡಿ. ಹುಡುಗಿಯರಿಗೆ 20 ಜನಕ್ಕೊಂದು, ಹುಡುಗರಿಗೆ 25 ಜನಕ್ಕೊಂದು ಇರಬೇಕೆಂಬುದು ಆ ದೇಶದ ಮಾನದಂಡ. ಅದು ಮುಟ್ಟುವ ಮೊದಲೇ ಅತಿಥಿಗಳಿಗೊಂದು ಟೈಲ್ಸ್ ಹಾಕಿದ ಶೌಚಾಲಯ ಎದ್ದಿರುತ್ತದೆ, ಬೀಗದ ಕೈ ಕಚೇರಿಯ ಮೊಳೆಗೆ ನೇತಾಡುತ್ತಿರುತ್ತದೆ.

ಪರವಾದಿಗಳು ಗಾದೆ ಹೇಳಿದರು. ಅದೇ ಸ್ವಾಹಿಲಿಯಲ್ಲಿ ಇನ್ನೊಂದಿದೆ: ಅತಿಥಿ ಎರಡು ದಿನ, ಮೂರನೆಯ ದಿನ ಕೈಗೆ ಗುದ್ದಲಿ ಕೊಡು. ಗುದ್ದಲಿ ಕೇಳಿಕೊಂಡೇ ಬರುವವರೂ ಇದ್ದಾರೆ, ಎರಡು ವಾರದ ಸ್ವಯಂಸೇವಕರು. ಪ್ರವಾಸಿ ವೀಸಾದಲ್ಲಿ ಅಂಥ ಕೆಲಸ ಮಾಡುವಂತಿಲ್ಲ ಎಂಬುದು ಹಲವರಿಗೆ ತಿಳಿದಿರುವುದಿಲ್ಲ. ಅದಕ್ಕೆ ಬೇರೆ ಪರವಾನಗಿ ಬೇಕು. ಅವರು ಬಣ್ಣ ಹೊಡೆಯುವ ಗೋಡೆಗೆ ಹಿಂದಿನ ತಂಡವೂ ಬಣ್ಣ ಹೊಡೆದಿರುತ್ತದೆ. ಇಟ್ಟಿಗೆ ಸಾಲು ಓರೆಯಾದರೆ ಸಂಜೆ ಗಾರೆ ಕೆಲಸದ ಫುಂಡಿ ಬಂದು ಕಿತ್ತು ಮತ್ತೆ ಕಟ್ಟುತ್ತಾನೆ. ಮೊದಲೇ ಅವನಿಗೆ ಕೂಲಿ ಕೊಟ್ಟಿದ್ದರೆ ಒಂದೇ ಸಲದ ಸಿಮೆಂಟು ಸಾಕಿತ್ತು.

ಶಾಲೆಯ ಜೊತೆ ಅನಾಥಾಲಯವೂ ಇದ್ದರಂತೂ ಮಾತೇ ಬೇರೆ. ಇಂಥ ನಿಲಯಗಳಲ್ಲಿರುವ ಬಹುಪಾಲು ಮಕ್ಕಳಿಗೆ ಅಪ್ಪನೋ ಅಮ್ಮನೋ ಬದುಕಿದ್ದಾರೆ. ಮಕ್ಕಳನ್ನು ಅಲ್ಲಿಗೆ ತಂದಿರುವುದು ಬಡತನ. ನೋಡಲು ಬರುವವರು ಹೆಚ್ಚಿದಷ್ಟೂ ನಿಲಯ ತುಂಬಿಸುವ ಆಸೆ ಹೆಚ್ಚುತ್ತದೆ. ಪಕ್ಕದ ಕೆನ್ಯಾ 2017ರಲ್ಲಿ ಹೊಸ ಮಕ್ಕಳ ನಿಲಯಗಳ ನೋಂದಣಿಯನ್ನೇ ತಡೆಹಿಡಿಯಿತು. 2019ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯ ನಿರ್ಣಯವೂ ಅನಾಥಾಲಯದ ಸ್ವಯಂಸೇವಾ ಪ್ರವಾಸದ ಅಪಾಯವನ್ನು ಎತ್ತಿ ಹೇಳಿತು. ಮೊದಲ ಭೇಟಿಯಲ್ಲೇ ತೊಡೆ ಏರಿ ಕೂತು ಕುತ್ತಿಗೆ ತಬ್ಬುವ ಪುಟ್ಟ ಮಗುವನ್ನು ಅತಿಥಿಗಳು ‘ಎಷ್ಟು ಪ್ರೀತಿ’ ಎನ್ನುತ್ತಾರೆ. ಅಪರಿಚಿತರನ್ನು ಕಂಡು ಹಿಂಜರಿಯದ ಮಗು ಎಷ್ಟು ಜನರನ್ನು ಬೀಳ್ಕೊಟ್ಟಿದೆ ಎಂದು ಅಲ್ಲಿನ ದಾದಿಯನ್ನು ಕೇಳಬೇಕು.

ಇನ್ನು, ದುಡ್ಡು ಡಾಂಬರಿನ ಹಿಂದೆ ಹೋಗುತ್ತದೆ. ಮಕುಯುನಿಯಿಂದ ಕರಾಟು ದಾಟಿ ಎನ್‌ಗೊರೊಂಗೊರೊ ದ್ವಾರದ ತನಕ ಒಳ್ಳೆಯ ರಸ್ತೆಯಿದೆ. ಅದರ ಬದಿಯ ಶಾಲೆಗೆ ಗಾಡಿ ನಿಲ್ಲುತ್ತದೆ. ಮೂವತ್ತು ಕಿಲೋಮೀಟರ್ ಕಚ್ಚಾ ದಾರಿಯ ಒಳಗಿನ ಶಾಲೆಗೆ ‘ಮಾಸಿಕಾ’ ಎಂಬ ದೊಡ್ಡ ಮಳೆಗಾಲದಲ್ಲಿ ಮೇಷ್ಟ್ರು ತಲುಪುವುದೇ ಕಷ್ಟ, ಪ್ರವಾಸಿ ಎಲ್ಲಿಂದ ಬರಬೇಕು.

ಅತಿಥಿಗಳನ್ನು ಪೂರ್ತಿ ದೂರ ಇಡಬೇಕೆಂದಲ್ಲ. ದೊಡ್ಡವರ ಕೆಲಸ ನೋಡಲು ಬರಲಿ: ಮ್ತೊ ವಾ ಮ್ಬುವಿನ ಬಾಳೆತೋಟ, ಮೋಶಿಯ ಕಾಫಿ, ಹೆಂಗಸರ ಹೊಲಿಗೆ ಕೇಂದ್ರ. ಅಲ್ಲಿ ತೋರಿಸುವವರೂ ದುಡ್ಡು ತೆಗೆದುಕೊಳ್ಳುವವರೂ ಒಬ್ಬರೇ, ಬೇಡವಾದರೆ ಬೇಡ ಎನ್ನಬಲ್ಲರು. ಶಾಲೆಗೆ ಬರುವುದಾದರೆ ‘ಮಹಫಾಲಿ’ಗೆ ಬರಲಿ, ಏಳನೇ ತರಗತಿಯವರನ್ನು ಬೀಳ್ಕೊಡುವ ದಿನ. ಪರೀಕ್ಷೆ ಮುಗಿದಿರುತ್ತದೆ, ಮಕ್ಕಳು ಹಾಡುವುದು ತಮ್ಮ ಅಪ್ಪ-ಅಮ್ಮಂದಿರಿಗಾಗಿ. ಅತಿಥಿಗೂ ಅದೇ ಬೆಂಚು, ಅದೇ ಪಿಲಾವು. ಮಿಕ್ಕ ದಿನಗಳಿಗೆ ಗೇಟಿನ ಹತ್ತಿರ ಒಂದು ದೇಣಿಗೆ ಡಬ್ಬ ಇಡಲಿ. ಅದರ ಬೀಗದ ಕೈ ಮಾತ್ರ ಪೋಷಕರ ಸಮಿತಿಯ ಹತ್ತಿರ ಇರಲಿ, ಕಚೇರಿಯ ಮೊಳೆಗೆ ಬೇಡ.